ಹಾಸಿಗೆ ತುಂಬಿದರೂ ಗಲ್ಲಾ ಖಾಲಿ: ಸಾಂಕ್ರಾಮಿಕದ ದಿನಗಳಲ್ಲಿ ಸಣ್ಣ ಆಸ್ಪತ್ರೆಯ ಹಣ ನಿಭಾಯಿಸುವ ಬಗೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲೋ ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲೋ 30–50 ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುವ ವೈದ್ಯರಿಗೆ, ಅಲ್ಲಿನ ಮ್ಯಾನೇಜರ್‌ಗೆ, ಅಕೌಂಟ್ಸ್ ನೋಡುವವರಿಗೆ ಈ ಬರಹ. ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹಿಂದೆ ಒಂದು ಸಂಸ್ಥೆ ನಿಂತಿರುತ್ತದೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಸರ್ಕಾರವಿದೆ. ಸಣ್ಣ ಆಸ್ಪತ್ರೆಗೆ ಇರುವುದು ಆಯಾ ದಿನದ ಕಲೆಕ್ಷನ್ ಮತ್ತು ಬ್ಯಾಂಕಿನ ಸಿಸಿ ಸಾಲ (ಕ್ಯಾಶ್ ಕ್ರೆಡಿಟ್, ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಸಾಲ). ಅದು ಬಾಗಿಲು ಹಾಕಿದರೆ ಜಗಳೂರು, ಹರಪನಹಳ್ಳಿ, ಮೊಳಕಾಲ್ಮುರು ಕಡೆಯಿಂದ ಬರುವ ಹೆರಿಗೆ, ಡಯಾಲಿಸಿಸ್, ಅಪಘಾತದ ಕೇಸುಗಳೆಲ್ಲ ಆಗಲೇ ತುಂಬಿ ತುಳುಕುವ ದೊಡ್ಡ ಆಸ್ಪತ್ರೆಯ ಮೇಲೆ ಬೀಳುತ್ತವೆ.

ಸಾಂಕ್ರಾಮಿಕದಲ್ಲಿ ಹಣದ ಪೆಟ್ಟು ಎರಡು ಸಲ ಬೀಳುತ್ತದೆ. ಮೊದಲನೆಯದು ಆಸ್ಪತ್ರೆ ಖಾಲಿಯಾದಾಗ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದು ಹರ್ನಿಯಾ, ಕಣ್ಣಿನ ಪೊರೆ, ಮೊಣಕಾಲು ಮುಂತಾದ ಆಪರೇಷನ್‌ಗಳು ಮುಂದಕ್ಕೆ ಹೋದವು, ಒಪಿಡಿ (ಹೊರರೋಗಿ ವಿಭಾಗ) ನಿಂತಿತು. ಸಂಬಳ, ಬಾಡಿಗೆ, ಕಂತು ನಿಲ್ಲಲಿಲ್ಲ. ಎರಡನೆಯದು ಆಸ್ಪತ್ರೆ ತುಂಬಿದಾಗ. ಖರ್ಚು ಇವತ್ತೇ, ನಗದಾಗಿ. ಆದಾಯ ಬರುವುದು ತಿಂಗಳುಗಟ್ಟಲೆ ಆದ ಮೇಲೆ. ಎರಡನೆಯದೇ ಹೆಚ್ಚು ಅಪಾಯಕಾರಿ, ಯಾಕೆಂದರೆ ಹಾಸಿಗೆ ತುಂಬಿರುವಾಗ ಹಣ ಮುಗಿಯುತ್ತಿದೆ ಎಂದು ಯಾರಿಗೂ ಅನಿಸುವುದಿಲ್ಲ.

ಮೊದಲು ದಿನ ಎಣಿಸಿ

ಲಾಭ-ನಷ್ಟದ ಪಟ್ಟಿ ಆಮೇಲೆ ನೋಡೋಣ. ಸೋಂಕಿನ ಸುದ್ದಿ ಬಂದ ವಾರವೇ ಒಂದು ಲೆಕ್ಕ ಹಾಕಿ: ಇರುವ ಹಣ ಎಷ್ಟು ದಿನಕ್ಕೆ ಸಾಕು?

ಬ್ಯಾಂಕಿನಲ್ಲಿರುವ ಹಣ, ಸಿಸಿಯಲ್ಲಿ ಇನ್ನೂ ತೆಗೆಯದೆ ಉಳಿದದ್ದು, ಕೂಡಲೇ ಮುರಿಸಬಹುದಾದ ಎಫ್‌ಡಿ ಇವನ್ನು ಕೂಡಿಸಿ. ಕೊಟ್ಟು ಇನ್ನೂ ಪಾಸಾಗದ ಚೆಕ್ಕುಗಳನ್ನು ಕಳೆಯಿರಿ. ಅದನ್ನು ದಿನದ ತಪ್ಪಿಸಲಾಗದ ಖರ್ಚಿನಿಂದ ಭಾಗಿಸಿ. ಇನ್ಶೂರೆನ್ಸ್‌ನಿಂದ, ಸರ್ಕಾರದಿಂದ ಬರಬೇಕಾದ ಬಾಕಿಯನ್ನು ಇದಕ್ಕೆ ಸೇರಿಸಬಾರದು. ಎಲ್ಲರೂ ಎಡವುವುದು ಇಲ್ಲೇ.

ಲೆಕ್ಕಕ್ಕೆಂದು 40 ಹಾಸಿಗೆಯ ಒಂದು ಆಸ್ಪತ್ರೆ ಹಿಡಿಯೋಣ. ಸಂಬಳ, ಬಾಡಿಗೆ, ಬ್ಯಾಂಕಿನ ಕಂತು, ಬೆಸ್ಕಾಂ ಬಿಲ್, ಹೌಸ್‌ಕೀಪಿಂಗ್, ಯಂತ್ರಗಳ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಎಲ್ಲ ಸೇರಿ ತಿಂಗಳಿಗೆ 24 ಲಕ್ಷ ಎಂದರೆ ದಿನಕ್ಕೆ 80,000. ಬ್ಯಾಂಕಿನಲ್ಲಿ 9 ಲಕ್ಷ, ಸಿಸಿಯಲ್ಲಿ 7 ಲಕ್ಷ ಇದ್ದರೆ 20 ದಿನ. 45 ದಿನಕ್ಕಿಂತ ಹೆಚ್ಚಿದ್ದರೆ ಉಸಿರಾಡಬಹುದು. 30ಕ್ಕಿಂತ ಕೆಳಗೆ ಇಳಿದರೆ ಆ ವಾರವೇ ಬ್ಯಾಂಕಿಗೆ ಹೋಗಬೇಕು. 15ಕ್ಕೆ ಬಂದರೆ ಹೊಸ ಯಂತ್ರ, ಪೇಂಟಿಂಗ್, ವಿಸ್ತರಣೆ ಎಲ್ಲಕ್ಕೂ ತಡೆ. ಈ ಅಂಕಿಯನ್ನು ಪ್ರತಿ ಸೋಮವಾರ ಬೆಳಿಗ್ಗೆ ಮಾಲೀಕರ ಮೇಜಿನ ಮೇಲೆ ಒಂದು ಚೀಟಿಯಲ್ಲಿ ಬರೆದಿಡಿ.

ಇದರ ಜೊತೆಗೆ 13 ವಾರದ ಒಂದು ಹಾಳೆ ಬೇಕು. ಅಡ್ಡಕ್ಕೆ ವಾರಗಳು, ಉದ್ದಕ್ಕೆ ಬರುವ ಹಣ ಮತ್ತು ಹೋಗುವ ಹಣ. ಬಿಲ್ ಮಾಡಿದ ವಾರದಲ್ಲಿ ಆದಾಯ ಬರೆಯಬೇಡಿ, ಹಣ ಖಾತೆಗೆ ಬೀಳುವ ವಾರದಲ್ಲಿ ಬರೆಯಿರಿ. ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಹಣ ಸಾಮಾನ್ಯವಾಗಿ 45 ದಿನಕ್ಕೆ ಬರುತ್ತಿದ್ದರೆ ಏಳನೇ ವಾರದಲ್ಲಿ. ಸರ್ಕಾರಿ ಯೋಜನೆಯ ಹಣವನ್ನು ಹದಿಮೂರನೇ ವಾರಕ್ಕೆ ಹಾಕಿ. ಮೊದಲೇ ಬಂದರೆ ಸಂತೋಷ. ಒಳ್ಳೆಯ ವಾರದ ಅಂದಾಜಿನ ಮೇಲೆ ಯಾರಿಗೂ ಪೋಸ್ಟ್‌ಡೇಟೆಡ್ ಚೆಕ್ ಕೊಡಬೇಡಿ.

ಒಂದು ಹಾಸಿಗೆಗೆ ದಿನಕ್ಕೆ ಎಷ್ಟು ತಗಲುತ್ತದೆ

ಮೇಲಿನ ಆಸ್ಪತ್ರೆಯಲ್ಲಿ ಮಾಮೂಲಿ ಕಾಲದಲ್ಲಿ 70% ಹಾಸಿಗೆ ತುಂಬಿದರೆ ತಿಂಗಳಿಗೆ 840 ಹಾಸಿಗೆ-ದಿನ. 24 ಲಕ್ಷವನ್ನು ಹಂಚಿದರೆ ಒಂದಕ್ಕೆ 2,857. ಅದೇ 30% ತುಂಬಿದರೆ 360 ಹಾಸಿಗೆ-ದಿನ, ಒಂದಕ್ಕೆ 6,667. ರೋಗಿ ಅವರೇ, ಗ್ಲುಕೋಸ್ ಅದೇ, ಖರ್ಚು ಮಾತ್ರ ಎರಡೂಕಾಲು ಪಟ್ಟಿಗಿಂತ ಹೆಚ್ಚು.

ಸೋಂಕಿನ ವಾರ್ಡ್ ಮಾಡಿದಾಗ ಹಾಸಿಗೆಗಳ ನಡುವೆ ಅಂತರ ಬೇಕು, ಪಿಪಿಇ ಹಾಕುವ ಕೋಣೆ ಬೇರೆ, ಬಿಚ್ಚುವ ಕೋಣೆ ಬೇರೆ. 40 ಹಾಸಿಗೆಯಲ್ಲಿ 28 ಉಳಿದರೆ ಹೆಚ್ಚು. ಈಗ ದರ ನೋಡಿ. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳ ಅರ್ಧ ಹಾಸಿಗೆಗಳನ್ನು ತಾನು ಕಳಿಸುವ ಕೋವಿಡ್ ರೋಗಿಗಳಿಗೆ ಮೀಸಲಿಡಲು ಹೇಳಿ, ದಿನಕ್ಕೆ ಸಾಮಾನ್ಯ ವಾರ್ಡ್‌ಗೆ 5,200, ಎಚ್‌ಡಿಯುಗೆ (ವಾರ್ಡ್ ಮತ್ತು ಐಸಿಯು ನಡುವಿನ, ಹೆಚ್ಚು ನಿಗಾದ ಘಟಕ) 7,000, ವೆಂಟಿಲೇಟರ್ ಇಲ್ಲದ ಐಸಿಯುಗೆ 8,500, ವೆಂಟಿಲೇಟರ್ ಸಹಿತ 10,000 ರೂಪಾಯಿ ನಿಗದಿ ಮಾಡಿತು. ಸ್ವಂತ ಹಣ ಕೊಡುವವರಿಗೆ ಮಿತಿ 10,000, 12,000, 15,000, 25,000.

ಸಾಮಾನ್ಯ ವಾರ್ಡ್‌ನ 5,200ನ್ನು ತೆಗೆದುಕೊಳ್ಳಿ. ಊಟ, ಔಷಧಿ, ಪಿಪಿಇ ಪಾಲು, ಆಕ್ಸಿಜನ್, ಹಳದಿ ಚೀಲಕ್ಕೆ ಹಾಕುವ ಸೋಂಕಿನ ಕಸ ಇವಕ್ಕೆ ರೋಗಿಯೊಬ್ಬರಿಗೆ 1,300 ಹಿಡಿದರೆ ಉಳಿಯುವುದು 3,900. 24 ಲಕ್ಷ ಹುಟ್ಟಬೇಕಾದರೆ 615 ಹಾಸಿಗೆ-ದಿನ ಬೇಕು, ಅಂದರೆ 28 ಹಾಸಿಗೆಯಲ್ಲಿ 73% ಸದಾ ತುಂಬಿರಬೇಕು. ನಿಮ್ಮ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿ. ಅದರಲ್ಲಿ ಅರ್ಧ, 308 ಹಾಸಿಗೆ-ದಿನ, ಸರ್ಕಾರದ ಲೆಕ್ಕದ್ದಾದರೆ ತಿಂಗಳಿಗೆ 16 ಲಕ್ಷ. ಹಣ ಮೂರು ತಿಂಗಳು ತಡವಾದರೆ 48 ಲಕ್ಷ. ಆ 48 ಲಕ್ಷವನ್ನು ಎಲ್ಲಿಂದ ತರುತ್ತೀರಿ ಎನ್ನುವುದೇ ಪ್ರಶ್ನೆ. ಹಾಸಿಗೆ ಮೀಸಲಿಡುವ ಮೊದಲೇ ಇದಕ್ಕೆ ಉತ್ತರ ಬೇಕು.

ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬರುವುದಿಲ್ಲ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ ಎನ್ನುವುದು ರೋಗಿಗೆ ಒಳ್ಳೆಯದು. ಆದರೆ ಆಸ್ಪತ್ರೆ ಕೊಳ್ಳುವ ಮಾಸ್ಕ್, ಮಾನಿಟರ್, ಸ್ಯಾನಿಟೈಸರ್ ಮೇಲೆ ಕಟ್ಟಿದ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ, ಅದು ನೇರ ಖರ್ಚು. ಕೊಟೇಶನ್ ಹೋಲಿಸುವಾಗ ತೆರಿಗೆ ಸೇರಿಸಿದ ಬೆಲೆಯನ್ನೇ ನೋಡಿ.

ಆಕ್ಸಿಜನ್: ಲೀಟರ್ ಲೆಕ್ಕ ಬಿಟ್ಟರೆ ಎಲ್ಲ ಕೆಟ್ಟಿತು

ದೊಡ್ಡ ಸಿಲಿಂಡರ್, ಅಂದರೆ ಡಿ ಟೈಪ್, 7 ಘನ ಮೀಟರ್, 7,000 ಲೀಟರ್. ನಿಮಿಷಕ್ಕೆ 10 ಲೀಟರ್ ಹೋದರೆ 700 ನಿಮಿಷ, ಹನ್ನೊಂದೂವರೆ ಗಂಟೆ ಚಿಲ್ಲರೆ. ಈಗ 18 ರೋಗಿಗಳು ಎನ್ನಿ:

- 12 ಜನಕ್ಕೆ ನಿಮಿಷಕ್ಕೆ 5 ಲೀಟರ್: 60
- 4 ಜನಕ್ಕೆ 12 ಲೀಟರ್: 48
- 2 ಜನ ಎಚ್‌ಎಫ್‌ಎನ್‌ಸಿಯಲ್ಲಿ (ಮೂಗಿನ ಕೊಳವೆಯಿಂದ ಹೆಚ್ಚು ಹರಿವಿನ ಆಕ್ಸಿಜನ್ ಕೊಡುವ ಯಂತ್ರ), ಹರಿವು 50 ಲೀಟರ್, ಆಕ್ಸಿಜನ್ ಪ್ರಮಾಣ 60%: ಗಾಳಿಯಲ್ಲೇ 21% ಇರುವುದರಿಂದ ಪೈಪಿನಿಂದ ಎಳೆಯುವುದು ತಲಾ 25, ಒಟ್ಟು 50

ಕೂಡಿದರೆ ನಿಮಿಷಕ್ಕೆ 158 ಲೀಟರ್, ದಿನಕ್ಕೆ ಸುಮಾರು 2,27,500 ಲೀಟರ್, 33 ಸಿಲಿಂಡರ್. ಯಾವ ಸಿಲಿಂಡರನ್ನೂ ಪೂರ್ತಿ ಬರಿದು ಮಾಡುವಂತಿಲ್ಲ, ಒತ್ತಡ ಇಳಿದಾಗಲೇ ಬದಲಿಸಬೇಕು, ಸೋರಿಕೆಯೂ ಇದೆ. ಹಾಗಾಗಿ 36 ಎಂದು ಹಿಡಿಯಿರಿ. ಒಂದು ದಿನದ್ದು ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳನ್ನು ಪೈಪಿಗೆ ಜೋಡಿಸುವ ಜಾಗ), ಒಂದು ದಿನದ್ದು ತುಂಬಿದ ದಾಸ್ತಾನು, ಒಂದು ದಿನದ್ದು ರೀಫಿಲ್‌ಗೆ ಹೋದ ಗಾಡಿಯಲ್ಲಿ: ಒಟ್ಟು 108 ಸಿಲಿಂಡರ್ ನಿಮ್ಮ ಕೈಕೆಳಗೆ ಓಡಾಡಬೇಕು.

2020ರ ಸೆಪ್ಟೆಂಬರ್‌ನಲ್ಲಿ ಔಷಧ ಬೆಲೆ ಪ್ರಾಧಿಕಾರ ಸಿಲಿಂಡರಿನ ಆಕ್ಸಿಜನ್‌ಗೆ ಘನ ಮೀಟರ್‌ಗೆ 25.71 ರೂಪಾಯಿ ಮಿತಿ ಹಾಕಿತ್ತು, ಅಂದರೆ ಡಿ ಟೈಪ್‌ಗೆ ತೆರಿಗೆ, ಸಾಗಣೆ ಬಿಟ್ಟು 180. ಆ ಲೆಕ್ಕದಲ್ಲಿ 36 ಸಿಲಿಂಡರ್‌ಗೆ ದಿನಕ್ಕೆ 6,480 ಮಾತ್ರ. ನಿಜವಾದ ಹೊರೆ ಇರುವುದು ಸಿಲಿಂಡರ್ ಡೆಪಾಸಿಟ್, ಗಾಡಿ ಬಾಡಿಗೆ, ರೀಫಿಲ್ ಘಟಕದ ಮುಂದೆ ರಾತ್ರಿಯೆಲ್ಲ ಸಾಲಿನಲ್ಲಿ ನಿಲ್ಲುವ ಹುಡುಗರ ಓಟಿಯಲ್ಲಿ. ಈ ಮೂರಕ್ಕೂ ಲೆಡ್ಜರ್‌ನಲ್ಲಿ ಬೇರೆ ಬೇರೆ ತಲೆ ಇಡಿ. ಡೆಪಾಸಿಟ್ಟನ್ನು ಖರ್ಚಿಗೆ ಬರೆದುಬಿಟ್ಟರೆ ಅಲೆ ಇಳಿದ ಮೇಲೆ ವಾಪಸ್ ಕೇಳುವುದೇ ಮರೆತುಹೋಗುತ್ತದೆ.

ಪೋಲು ಎಲ್ಲಿ? ರೋಗಿ ಶೌಚಾಲಯಕ್ಕೆ ಹೋದಾಗ, ಊಟಕ್ಕೆ ಮಾಸ್ಕ್ ತೆಗೆದಾಗ, ಡಿಸ್ಚಾರ್ಜ್ ಆದ ಹಾಸಿಗೆಯಲ್ಲಿ ತೆರೆದೇ ಉಳಿದ ಫ್ಲೋಮೀಟರ್. ಹ್ಯುಮಿಡಿಫೈಯರ್ ಬಾಟಲಿಯ ಸಡಿಲ ಮುಚ್ಚಳ. ಎಲ್ಲಕ್ಕಿಂತ ಹೆಚ್ಚಾಗಿ ಎಸ್‌ಪಿಒ2 (ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ) 99, 100 ಬರಲೆಂದು ಹರಿವು ಏರಿಸಿಡುವ ಅಭ್ಯಾಸ. ಕೋವಿಡ್ ಚಿಕಿತ್ಸಾ ಮಾರ್ಗಸೂಚಿ ಹೇಳಿದ್ದ ಗುರಿ 92–96%, ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದ್ದವರಿಗೆ 88–92%. ಡಾಕ್ಟರ್ ಬರೆದ ಗುರಿಯನ್ನು ಹಾಸಿಗೆಯ ತಲೆಯ ಬಳಿ ಅಂಟಿಸಿ. ರಾತ್ರಿ 10 ಮತ್ತು ಬೆಳಗಿನ 4 ಗಂಟೆಗೆ ಒಬ್ಬ ನರ್ಸ್ ಪ್ರತಿ ಫ್ಲೋಮೀಟರನ್ನು ಆ ಚೀಟಿಗೆ ಹೋಲಿಸಿ ನೋಡಲಿ. ಹಣ ಉಳಿಸಲು ಆಕ್ಸಿಜನ್ ಕಡಿಮೆ ಮಾಡಿ ಎಂದು ಅಕೌಂಟ್ಸ್‌ನವರು ಎಂದೂ ಹೇಳಬಾರದು. ತಪಾಸಣೆ ಇರುವುದು ಪೋಲಿನ ಮೇಲೆ, ರೋಗಿಯ ಮೇಲಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಆಕ್ಸಿಜನ್ ಕೊರತೆಯಿಂದ ಆದ ಸಾವುಗಳನ್ನು ಈ ರಾಜ್ಯದ ಯಾವ ಆಸ್ಪತ್ರೆಯೂ ಮರೆಯುವಂತಿಲ್ಲ. ಕೈಯಲ್ಲಿರುವ ಸಿಲಿಂಡರ್ 12 ಗಂಟೆಗೆ ಸಾಲುವಷ್ಟು ಇಳಿದ ಕೂಡಲೇ ಜಿಲ್ಲಾಡಳಿತಕ್ಕೆ ಫೋನ್ ಮಾಡಿ, ಹೊಸ ದಾಖಲಾತಿ ನಿಲ್ಲಿಸಿ. ಹಾಸಿಗೆ ಖಾಲಿ ಇದ್ದರೂ ಸರಿ.

ಪಿಪಿಇ, ಔಷಧಿ

ಹತ್ತು ಹಾಸಿಗೆಯ ಸೋಂಕಿನ ಐಸಿಯುಗೆ ಪಾಳಿಗೆ ಒಬ್ಬ ಡಾಕ್ಟರ್, ಇಬ್ಬರು ನರ್ಸ್, ಒಬ್ಬ ಆಯಾ. ಆರು ಗಂಟೆಗೊಂದು ಪಾಳಿಯಾದರೆ ದಿನಕ್ಕೆ 16 ಕಿಟ್, ಎಕ್ಸ್‌ರೇ, ಲ್ಯಾಬ್, ಸ್ವಚ್ಛತೆಗೆ ಇನ್ನೊಂದು 4. ದಿನಕ್ಕೆ 20, ತಿಂಗಳಿಗೆ 600. ಮೂರು ವಾರಕ್ಕಿಂತ ಹೆಚ್ಚಿನ ದಾಸ್ತಾನು ಕೊಳ್ಳಬೇಡಿ. ಭಯದ ವಾರದಲ್ಲಿ ಆರು ತಿಂಗಳ ಸರಕು ಕೊಂಡವರ ಹಣ ಬೆಲೆ ಇಳಿದ ಮೇಲೆ ಗೋಡೌನಿನಲ್ಲೇ ಕೊಳೆಯುತ್ತದೆ. ದುಬಾರಿ ಇಂಜೆಕ್ಷನ್‌ಗಳನ್ನು ಪೆಟ್ಟಿಗೆ ಲೆಕ್ಕದಲ್ಲಿ ಬೇಡ, ಕೋರ್ಸ್ ಲೆಕ್ಕದಲ್ಲಿ ಕೊಳ್ಳಿ: ರೆಮ್‌ಡೆಸಿವಿರ್ ಐದು ದಿನದ ಕೋರ್ಸಿಗೆ ಮೊದಲ ದಿನ 200 ಮಿ.ಗ್ರಾಂ, ಆಮೇಲೆ ದಿನಕ್ಕೆ 100, ಅಂದರೆ 6 ವಯಲ್. ಪ್ರತಿ ವಯಲ್‌ನ ಬ್ಯಾಚ್ ನಂಬರ್ ಕೇಸ್ ಶೀಟ್‌ಗೆ ಹೋಗಲಿ, ಖಾಲಿ ವಯಲ್ ಎಣಿಸಿ ನಾಶ ಮಾಡಿ. ಕಾಳಸಂತೆಗೆ ದಾರಿಯಾಗುವುದು ಈ ಎಣಿಕೆ ತಪ್ಪಿದಲ್ಲೇ.

ಕ್ಲೇಮ್: ಹಣ ನಿಲ್ಲುವ ಜಾಗ

ಬಹುಪಾಲು ಬಾಕಿ ನಿಲ್ಲುವುದು ಕಾಗದದಲ್ಲಿ. ಹಾಸಿಗೆ 25 ದಾಟಿದ ಕೂಡಲೇ ಕ್ಲೇಮ್ ಕೆಲಸಕ್ಕೆಂದೇ ಒಬ್ಬರನ್ನು ಬಿಡಿ. ರಿಸೆಪ್ಷನ್, ಬಿಲ್ಲಿಂಗ್ ನೋಡುವವರ ತಲೆಗೆ ಇದನ್ನೂ ಕಟ್ಟಬೇಡಿ. ಆ ಒಬ್ಬರ ಸಂಬಳ ಎರಡು ತಿರಸ್ಕೃತ ಫೈಲ್ ಉಳಿಸಿದರೆ ಹುಟ್ಟುತ್ತದೆ.

ಕೋವಿಡ್ ದಿನಗಳಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಆರೋಗ್ಯ ಯೋಜನೆಯ ಫೈಲ್ ತಿರಸ್ಕೃತವಾಗುತ್ತಿದ್ದುದು ಸಾಮಾನ್ಯವಾಗಿ ಇಂಥ ಕಾರಣಗಳಿಗೆ. ಹೆಸರು: ಆಧಾರ್‌ನಲ್ಲಿ ಬಸವರಾಜಪ್ಪ, ಲ್ಯಾಬ್ ವರದಿಯಲ್ಲಿ ಬಸವರಾಜ್ ಬಿ. ಸ್ವಾಬ್ ತೆಗೆದಾಗ ಬರೆದ ಎಸ್‌ಆರ್‌ಎಫ್ ಐಡಿ (ಸ್ವಾಬ್ ಮಾದರಿಯ ನೋಂದಣಿ ಸಂಖ್ಯೆ) ಒಂದು, ಕೇಸ್ ಶೀಟ್‌ನಲ್ಲಿ ಇನ್ನೊಂದು. ವಾರ್ಡ್‌ನಿಂದ ಐಸಿಯುಗೆ ಸಾಗಿಸಿದ ದಿನ ಇದೆ, ಗಂಟೆ ಇಲ್ಲ, ಯಾಕೆ ಸಾಗಿಸಿದಿರಿ ಎನ್ನುವ ಟಿಪ್ಪಣಿಯೂ ಇಲ್ಲ. ವೆಂಟಿಲೇಟರ್ ದರ ಕೇಳಿದ್ದೀರಿ, ಸೆಟ್ಟಿಂಗ್ ಚಾರ್ಟ್ ಎರಡು ದಿನ ಖಾಲಿ. ಆರ್‌ಟಿಪಿಸಿಆರ್ ನೆಗೆಟಿವ್, ಸಿಟಿಯಲ್ಲಿ ನ್ಯುಮೋನಿಯಾ ಇದೆ. ಅದನ್ನು ‘ಸಾರಿ’ (ಎಸ್‌ಎಆರ್‌ಐ, ತೀವ್ರ ಉಸಿರಾಟದ ಸೋಂಕು) ಕೇಸ್ ಎಂದು ಮೊದಲ ದಿನವೇ ಬರೆಯದೆ ಡಿಸ್ಚಾರ್ಜ್ ದಿನ ತಿದ್ದಿದ್ದೀರಿ. ತಿದ್ದಿದ ಶಾಯಿ ಕಂಡರೆ ಫೈಲ್ ವಾಪಸ್.

ಮದ್ದು ಸರಳ: ಫೈಲನ್ನು ಡಿಸ್ಚಾರ್ಜ್ ದಿನ ಕಟ್ಟಬೇಡಿ, ದಾಖಲಾದ ದಿನವೇ ತೆರೆಯಿರಿ. ಹೆಸರು ಆಧಾರ್ ನೋಡಿ ಟೈಪ್ ಮಾಡಿ, ಬಾಯಲ್ಲಿ ಕೇಳಿ ಬೇಡ. ದಿನಾ ಸಂಜೆ 5ಕ್ಕೆ ಕ್ಲೇಮ್ ನೋಡುವವರು ವಾರ್ಡ್ ಬಾಗಿಲಿಗೆ ಹೋಗಿ ಆ ದಿನದ ಚಾರ್ಟ್‌ಗಳ ಫೋಟೊ ತರಿಸಿಕೊಳ್ಳಲಿ, ಸೋಂಕಿನ ವಾರ್ಡ್‌ನಿಂದ ಕಾಗದ ಹೊರಗೆ ತರುವ ತೊಂದರೆಯೂ ತಪ್ಪುತ್ತದೆ. ಡಿಸ್ಚಾರ್ಜ್ ಆದ 48 ಗಂಟೆಯೊಳಗೆ ಅಪ್‌ಲೋಡ್. ಬಂದ ಪ್ರಶ್ನೆಗೆ ಅದೇ ದಿನ ಉತ್ತರ. ಬಾಕಿಯನ್ನು ಒಂದೇ ಮೊತ್ತವಾಗಿ ನೋಡದೆ 30, 60, 90 ದಿನ ಎಂದು ವಯಸ್ಸಿನ ಪ್ರಕಾರ ಹಂಚಿ, ಹಳೆಯದನ್ನು ಮೊದಲು ಬೆನ್ನುಹತ್ತಿ.

ಖಾಸಗಿ ವಿಮೆಯಲ್ಲಿ ಇನ್ನೊಂದು ಸೋರಿಕೆ ಇದೆ. ಟಿಪಿಎ 10% ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಕಳೆದು ಹಣ ಹಾಕುತ್ತದೆ. ಒಂದು ಲಕ್ಷದ ಬಿಲ್ಲಿಗೆ 90,000. ಆ ವರ್ಷ ನಷ್ಟವೇ ಆಗಿದ್ದರೆ ಕಳೆದ ಹಣ ರಿಟರ್ನ್ ಸಲ್ಲಿಸಿ ರೀಫಂಡ್ ಬರುವ ತನಕ ನಿಮ್ಮದಲ್ಲ. ಕಡಿಮೆ ದರದ ಟಿಡಿಎಸ್ ಪ್ರಮಾಣಪತ್ರಕ್ಕೆ ವರ್ಷದ ಆರಂಭದಲ್ಲೇ ನಿಮ್ಮ ಆಡಿಟರ್ ಮೂಲಕ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿ.

ಬ್ಯಾಂಕ್

ಸಿಸಿ ಮಿತಿ 30 ಲಕ್ಷ ಎಂದರೆ 30 ಲಕ್ಷ ತೆಗೆಯಬಹುದು ಎಂದಲ್ಲ. ಪ್ರತಿ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ದಾಸ್ತಾನು ಮತ್ತು ಬರಬೇಕಾದ ಬಾಕಿ ನೋಡಿ, ಮಾರ್ಜಿನ್ (ಬ್ಯಾಂಕ್ ಬಿಟ್ಟುಕೊಳ್ಳುವ ಪಾಲು) ಕಳೆದು ಡ್ರಾಯಿಂಗ್ ಪವರ್, ಅಂದರೆ ನಿಜವಾಗಿ ತೆಗೆಯಬಹುದಾದ ಮೊತ್ತ, ಕಟ್ಟುತ್ತಾರೆ. ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸರ್ಕಾರದ ಬಾಕಿ 91ನೇ ದಿನಕ್ಕೆ ಕಾಲಿಟ್ಟಾಗ ಏನಾಗುತ್ತದೆ ನೋಡಿ: ಹಣವೂ ಬಂದಿಲ್ಲ, ಅದರ ಮೇಲೆ ಸಿಗುತ್ತಿದ್ದ ಸಾಲದ ಮಿತಿಯೂ ಇಳಿಯಿತು. ಎರಡೂ ಒಂದೇ ವಾರದಲ್ಲಿ. ಇದು ಗೊತ್ತಿದ್ದವರು 60ನೇ ದಿನವೇ ಬ್ಯಾಂಕಿಗೆ ಪತ್ರ ಕೊಟ್ಟು ಸರ್ಕಾರಿ ಬಾಕಿಗೆ ಮಾತ್ರ ಅವಧಿಯನ್ನು 180 ದಿನಕ್ಕೆ ಏರಿಸಲು ಕೇಳುತ್ತಾರೆ, ಇಲ್ಲವೇ ತಾತ್ಕಾಲಿಕ ಹೆಚ್ಚುವರಿ ಮಿತಿ ಕೇಳುತ್ತಾರೆ. ಪತ್ರದ ಜೊತೆ 13 ವಾರದ ಹಾಳೆ, ಪೋರ್ಟಲ್‌ನ ಬಾಕಿ ಪಟ್ಟಿ ಇರಲಿ. ಕಂತು ತಪ್ಪುವ ಮೊದಲು ಹೋದವರ ಮಾತಿಗೆ ಇರುವ ತೂಕ ತಪ್ಪಿದ ಮೇಲೆ ಇರುವುದಿಲ್ಲ. ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ).

ಕಳೆದ ಸಲ ಸಿಕ್ಕ ಸೌಲಭ್ಯಗಳ ಸ್ವರೂಪ ತಿಳಿದಿದ್ದರೆ ಮುಂದಿನ ಸಲ ಏನು ಕೇಳಬೇಕೆಂದು ಗೊತ್ತಾಗುತ್ತದೆ. 2020ರ ಮಾರ್ಚ್‌ನಿಂದ ಆಗಸ್ಟ್ ತನಕ ಕಂತಿಗೆ ಮಾರಟೋರಿಯಂ (ಮುಂದೂಡುವ ಅವಕಾಶ) ಇತ್ತು; ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಇಸಿಎಲ್‌ಜಿಎಸ್‌ನಲ್ಲಿ (ಕೇಂದ್ರ ಸರ್ಕಾರದ ಖಾತರಿಯ ತುರ್ತು ಸಾಲ ಯೋಜನೆ) 2020ರ ಫೆಬ್ರವರಿ 29ರಂದು ಇದ್ದ ಸಾಲದ 20% ತನಕ ಹೊಸ ಆಸ್ತಿ ಅಡಮಾನವಿಲ್ಲದೆ ಸಿಕ್ಕಿತು. 2021ರ ಮೇ ತಿಂಗಳಲ್ಲಿ ಆಸ್ಪತ್ರೆ ಆವರಣದಲ್ಲೇ ಆಕ್ಸಿಜನ್ ಘಟಕ ಹಾಕಲು 2 ಕೋಟಿ ತನಕ, 7.5% ಬಡ್ಡಿ ಮಿತಿಯಲ್ಲಿ, ಪೂರ್ಣ ಖಾತರಿಯ ಸಾಲ ಬಂತು. ಇಂಥ ಸಾಲಕ್ಕೆ ಚೊಕ್ಕ ಖಾತೆ ಬೇಕಿತ್ತು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇಲ್ಲದಿದ್ದರೆ ಈಗಲೇ ಮಾಡಿಸಿ, ಶುಲ್ಕವಿಲ್ಲ.

ಹಣ ಕಡಿಮೆ ಬಿದ್ದಾಗ ಯಾರಿಗೆ ಮೊದಲು

ನಮ್ಮ ಅಭಿಪ್ರಾಯದಲ್ಲಿ ಕ್ರಮ ಹೀಗೆ: ನರ್ಸ್, ಆಯಾ, ವಾರ್ಡ್‌ಬಾಯ್, ಲ್ಯಾಬ್‌ನವರ ಸಂಬಳ, ಆಕ್ಸಿಜನ್, ಔಷಧಿ, ವಿದ್ಯುತ್ ಮತ್ತು ಜನರೇಟರ್ ಡೀಸೆಲ್, ಟಿಡಿಎಸ್, ಪಿಎಫ್, ಇಎಸ್‌ಐ, ಬ್ಯಾಂಕ್ ಕಂತು, ಬಾಡಿಗೆ, ಕೊನೆಗೆ ಮಾಲೀಕರ ಪಾಲು. ನರ್ಸ್ ಸಂಬಳ ಕತ್ತರಿಸಿ ಉಳಿಸಿದ ಹಣ ಉಳಿತಾಯವಲ್ಲ. ಅವರು ಬೆಂಗಳೂರಿನ ಬಸ್ ಹತ್ತಿದರೆ ನಾಲ್ಕು ಹಾಸಿಗೆ ಮುಚ್ಚಬೇಕಾಗುತ್ತದೆ. ಜೀವ ಒತ್ತೆಯಿಟ್ಟು ನಿಂತವರಿಗೆ ತಿಂಗಳ ಕೊನೆಯ ತನಕ ಕಾಯಿಸದೆ ಕೋವಿಡ್ ಭತ್ಯೆಯನ್ನು ವಾರಕ್ಕೊಮ್ಮೆ ಕೊಡಿ. ಸಂದರ್ಶಕ ತಜ್ಞರ ಜೊತೆ ಬಿಲ್‌ನ ಶೇಕಡಾವಾರು ಒಪ್ಪಂದವಿದ್ದರೆ ಡ್ಯೂಟಿಗೆ ಇಷ್ಟು ಎಂದು ತಾತ್ಕಾಲಿಕವಾಗಿ ಬದಲಿಸಿಕೊಳ್ಳಿ, ಬರೆದು ಸಹಿ ಮಾಡಿಸಿ.

ಕಳೆದ ಟಿಡಿಎಸ್ ಹಣವನ್ನು ಮುಟ್ಟಬೇಡಿ. ಅದು ಬೇರೆಯವರ ತೆರಿಗೆ, 7ನೇ ತಾರೀಖಿಗೆ ಕಟ್ಟಲೇಬೇಕು, ತಪ್ಪಿದರೆ ಮೊಕದ್ದಮೆ ತನಕ ಹೋಗುತ್ತದೆ. ಪಿಎಫ್, ಇಎಸ್‌ಐ 15ಕ್ಕೆ. ಪಿಎಫ್ ತಡವಾದರೆ 12% ಬಡ್ಡಿ, ಮೇಲೆ ದಂಡ. ಹಾಸಿಗೆ ಖಾಲಿ ಇರುವ ತಿಂಗಳಲ್ಲಿ ಬೆಸ್ಕಾಂ ಬಿಲ್‌ನ ನಿಗದಿತ ಶುಲ್ಕ ಇಳಿಯುವುದಿಲ್ಲ. ಖಾಲಿ ದಿನಗಳು ಉದ್ದವಾಗುವಂತಿದ್ದರೆ ಮಂಜೂರಾದ ಲೋಡ್ ಇಳಿಸಲು ಅರ್ಜಿ ಕೊಡುವ ಬಗ್ಗೆ ಯೋಚಿಸಿ, ಆದರೆ ಐಸಿಯು ವಿಸ್ತರಿಸುವ ಸಾಧ್ಯತೆ ಇದ್ದರೆ ಬೇಡ.

ರೋಗಿಯ ಮನೆಯವರು

ಎಷ್ಟಾಯಿತು ಎನ್ನುವುದು ಅವರಿಗೆ ಪ್ರತಿದಿನ ಸಂಜೆ ಗೊತ್ತಾಗಬೇಕು. ಹತ್ತನೇ ದಿನ ಒಂದೂವರೆ ಲಕ್ಷದ ಬಿಲ್ ಮುಂದಿಟ್ಟರೆ ಜಗಳ, ಬಾಕಿ ಎರಡೂ ಖಚಿತ. ಒಂದು ಹಾಳೆಯಲ್ಲಿ ಹಾಸಿಗೆ, ಔಷಧಿ, ಪರೀಕ್ಷೆ, ಈವರೆಗೆ ಕೊಟ್ಟದ್ದು, ನಾಳೆಗೆ ಅಂದಾಜು ಎಂದು ಕನ್ನಡದಲ್ಲಿ ಬರೆದು ಕೊಡಿ, ವಾಟ್ಸಾಪ್‌ನಲ್ಲಿ ಕಳಿಸಿ. ಆದಾಯ ತೆರಿಗೆ ನಿಯಮದಂತೆ ಒಬ್ಬ ರೋಗಿಯ ಬಿಲ್‌ಗೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. 2021ರ ಏಪ್ರಿಲ್-ಮೇಯಲ್ಲಿ ಪ್ಯಾನ್ ಅಥವಾ ಆಧಾರ್ ಪಡೆದು ತೆಗೆದುಕೊಳ್ಳಲು ಸಡಿಲಿಕೆ ಇತ್ತು, ಅದು ಆ ಎರಡು ತಿಂಗಳಿಗೆ ಮಾತ್ರ.

ಕೊಡಲಾಗದವರಿಗೆ ಕಂತು ಮಾಡಿಕೊಡಿ, ಅದು ನಮ್ಮ ಕಡೆಯ ಬೆಳೆಗೆ ಹೊಂದಿರಲಿ. ಜಗಳೂರಿನ ಮೆಕ್ಕೆಜೋಳದ ರೈತನಿಗೆ ಜುಲೈನಲ್ಲಿ ಕೈಯಲ್ಲಿ ಹಣವಿರುವುದಿಲ್ಲ. ನವೆಂಬರ್-ಡಿಸೆಂಬರ್‌ನಲ್ಲಿ ಎಪಿಎಂಸಿಯಿಂದ ಬರುತ್ತದೆ. ಚನ್ನಗಿರಿಯ ಅಡಿಕೆಯವರದು, ಭದ್ರಾ ನಾಲೆಯ ಭತ್ತದವರದು ಬೇರೆ ಬೇರೆ ತಿಂಗಳು. ಪಹಣಿ, ಒಡವೆ, ಖಾಲಿ ಚೆಕ್ ಒತ್ತೆ ಇಟ್ಟುಕೊಳ್ಳಬೇಡಿ. ರಾಜ್ಯದ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಂತೆ ತುರ್ತು ಚಿಕಿತ್ಸೆಗೆ ಮುಂಗಡ ಕೇಳುವಂತಿಲ್ಲ, ಬಾಕಿ ಇದೆಯೆಂದು ಮೃತದೇಹ ತಡೆಹಿಡಿಯುವಂತಿಲ್ಲ. ಕಾಯ್ದೆ ಇಲ್ಲದಿದ್ದರೂ ಅದನ್ನು ಮಾಡಬಾರದು. ಹಾಗೆ ಬರದ ಬಾಕಿಯನ್ನು ಬರಬೇಕಾದ ಪಟ್ಟಿಯಲ್ಲೇ ವರ್ಷಗಟ್ಟಲೆ ಇಟ್ಟು ನಿಮ್ಮನ್ನೇ ಮೋಸ ಮಾಡಿಕೊಳ್ಳಬೇಡಿ, ಮಾರ್ಚ್‌ನಲ್ಲಿ ತೆಗೆದುಹಾಕಿ.

ಅಲೆ ಇಳಿದ ವಾರ

ಮುಂದೂಡಿದ ಆಪರೇಷನ್‌ಗಳ ಪಟ್ಟಿಯನ್ನು ಮೊದಲ ದಿನದಿಂದಲೇ ಹೆಸರು, ಊರು, ಫೋನ್ ಸಹಿತ ಇಟ್ಟಿದ್ದರೆ ಈಗ ಒಬ್ಬೊಬ್ಬರಿಗೂ ಫೋನ್ ಮಾಡಬಹುದು. ಕಾಯುತ್ತಾ ನೋವು ತಿಂದವರು ಅವರು; ಆಸ್ಪತ್ರೆ ಚೇತರಿಸಿಕೊಳ್ಳುವುದೂ ಅವರಿಂದಲೇ. ಡಯಾಲಿಸಿಸ್ ಮತ್ತು ಹೆರಿಗೆ ವಿಭಾಗವನ್ನು ಬೇರೆ ಬಾಗಿಲಿಟ್ಟು ನಡುವೆಯೂ ನಡೆಸಿದ್ದರೆ ಈ ಏರು ಸುಲಭ.

ಅದೇ ವಾರ ಬಾಡಿಗೆಗೆ ತಂದ ಬೈಪ್ಯಾಪ್ (ಮಾಸ್ಕ್ ಮೂಲಕ ಉಸಿರಾಟಕ್ಕೆ ನೆರವಾಗುವ ಯಂತ್ರ), ವೆಂಟಿಲೇಟರ್ ವಾಪಸ್ ಕಳಿಸಿ ರಸೀದಿ ಪಡೆಯಿರಿ. ಎಕ್ಸ್‌ಪೈರಿಗೆ ಮೂರು ತಿಂಗಳಿರುವ ಔಷಧಿಗಳನ್ನು ಡಿಸ್ಟ್ರಿಬ್ಯೂಟರ್‌ಗೆ ಹಿಂದಿರುಗಿಸಿ. ಸಿಲಿಂಡರ್‌ಗಳನ್ನು ನಂಬರ್ ಸಹಿತ ಎಣಿಸಿ, ಡೆಪಾಸಿಟ್ ಲೆಡ್ಜರ್‌ಗೆ ಹೋಲಿಸಿ, ಹಣ ವಾಪಸ್ ತರಿಸಿಕೊಳ್ಳಿ. ಅದು ಬಂದ ದಿನವೇ ಬೇರೆ ಬ್ಯಾಂಕಿನಲ್ಲಿ ಎಫ್‌ಡಿ ಮಾಡಿ, 45 ದಿನದ ಖರ್ಚು ತುಂಬುವ ತನಕ ಪ್ರತಿ ತಿಂಗಳು ಅದಕ್ಕೇ ಸೇರಿಸುತ್ತ ಹೋಗಿ.